ಬೀಗದಣ್ಣನ ಪೆಟ್ಟಿಗೆ

ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದ ಅವನನ್ನು ಜೊತೆಯವರೆಲ್ಲ ಬೀಗದಣ್ಣ ಎನ್ನುತ್ತಿದ್ದರು. ರಸ್ತೆ ಬದಿಯ ಒಂದು ಪೆಟ್ಟಿಗೆಯನ್ನೂ ಅವನು ತೆರೆದು ಬಿಟ್ಟು ಬಂದವನಲ್ಲ. ನೀರು, ಇಲಿ, ಕಳ್ಳನ ಕೈ, ಈ ಮೂರೇ ತಂತಿಯ ಶತ್ರುಗಳು ಎಂದು ನಂಬಿದ್ದವನು. ಕಬ್ಬಿಣದ ಬಾಗಿಲು ಮುಚ್ಚಿ, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದರೇ ಅವನಿಗೆ ಸಮಾಧಾನ.

ನಿವೃತ್ತನಾದ ಮೇಲೆ ಸುಮ್ಮನೆ ಕೂತಿದ್ದ ಅವನ ಕೈಗೆ ಕೆಲಸ ಸಿಕ್ಕಿದ್ದು ತಂಗಿಯ ಮನೆಯಲ್ಲಿ. ಅವಳ ಗಂಡನಿಗೆ ಲಕ್ವಾ ಹೊಡೆದು ವರ್ಷವಾಗಿತ್ತು. ಬಲಗೈ ಬಿದ್ದುಹೋಗಿತ್ತು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅವನನ್ನು ಬಿಟ್ಟು ಹೊರಗೆ ದುಡಿಯಲಾಗದೆ ತಂಗಿ ಮನೆಯಿಂದಲೇ ಗ್ರಾಹಕರ ಕರೆಗಳಿಗೆ ಉತ್ತರಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಬುಧವಾರ ಹನ್ನೊಂದಕ್ಕೆ ಪರೀಕ್ಷೆ. ಕರೆ ಎರಡು ಸಲ ಕಡಿದರೆ ಕೆಲಸವಿಲ್ಲ ಎಂದು ಪತ್ರದಲ್ಲೇ ಬರೆದಿದ್ದರು. ಅವಳು ಕೂತು ಮಾತಾಡಬೇಕಾಗಿದ್ದದ್ದು ಗಂಡ ಮಲಗಿದ್ದ ಒಳಕೋಣೆಯಲ್ಲೇ, ಅಲ್ಲಿಗೆ ಹಜಾರದ ವೈಫೈ ಸರಿಯಾಗಿ ತಲುಪುತ್ತಿರಲಿಲ್ಲ.

"ಅಂಗಡಿಯವರನ್ನೇ ಕರೆಸ್ತೀನಿ ಬಿಡಣ್ಣ."

"ಊರಿಗೆಲ್ಲ ಫೋನ್ ಕೊಟ್ಟೋನು ನಾನು. ತಂಗಿಗೆ ವೈಫೈ ಹಾಕಲ್ವೇನೇ?"

ಮಂಗಳವಾರ ಮಧ್ಯಾಹ್ನ ಹಜಾರದಿಂದ ತಂತಿ ಎಳೆದು, ಒಳಕೋಣೆಯ ಬಾಗಿಲ ಹೊರಗೆ ಆಕ್ಸೆಸ್ ಪಾಯಿಂಟ್ ಕೂರಿಸಿದ. ವೈಫೈಯನ್ನು ಮುಂದಕ್ಕೆ ಹಂಚುವ, ತಟ್ಟೆಯಂಥ ಬಿಳಿ ಸಾಧನ. ಹೆಸರು ಕೊಟ್ಟ, ಪಾಸ್‌ವರ್ಡ್ ಇಟ್ಟು ಚೀಟಿಯಲ್ಲಿ ಬರೆದ. ಹಸಿರು ದೀಪ ಹತ್ತಿತು. ಒಳಗೆ ಭಾವನ ಫೋನಿನಲ್ಲಿ ಹಾಡು ತಡೆಯಿಲ್ಲದೆ ಹರಿಯಿತು. ಆಮೇಲೆ ಬೀಗದಣ್ಣ ಮನೆಯಿಂದ ಹೊತ್ತು ತಂದಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಸಾಧನದ ಸುತ್ತ ಬಿಗಿದು, ಬಾಗಿಲು ಮುಚ್ಚಿ, ಬೀಗ ಜಡಿದು, ಎರಡು ಸಲ ಜಗ್ಗಿದ.

ಹಾಡು ನಿಂತಿತು. ಭಾವ ಹಾಸಿಗೆಯಿಂದ "ಬೀ... ಬೀ..." ಎಂದ.

"ಬಿ.ಪಿ. ಮಾತ್ರೆ ಆಗ್ಲೇ ಕೊಟ್ನಲ್ರೀ" ಎಂದಳು ತಂಗಿ. ಹಾಡು ಮುಗಿಯಿತೆಂದೇ ಅಣ್ಣ ತಂಗಿ ಇಬ್ಬರೂ ತಿಳಿದರು.

ಮರುದಿನ ಪರೀಕ್ಷೆ ಶುರುವಾಗಿ ಏಳು ನಿಮಿಷಕ್ಕೆ ಕರೆ ಕಡಿಯಿತು. ತಂಗಿ ಕೂಗಿದಳು. "ಅಣ್ಣ, ಹೋಯ್ತು!"

"ಹೊರಗಿನ ಲೈನೇ ಸರಿಯಿಲ್ಲ. ನನ್ನ ಕೆಲಸದಲ್ಲಿ ಲೋಪ ಇಲ್ಲ" ಎನ್ನುತ್ತ ಅವನು ಮಹಡಿಗೆ ಓಡಿ, ಬಿಸಿಲಲ್ಲಿ ತಂತಿಯ ಉದ್ದಕ್ಕೂ ತಡವಿ ನೋಡಿದ. ಎಲ್ಲ ನೆಟ್ಟಗಿತ್ತು. ಇಳಿದು ಬರುವಷ್ಟರಲ್ಲಿ ಪರೀಕ್ಷೆಯವರು ಮತ್ತೆ ಕರೆ ಮಾಡಿದ್ದರು. ತಂಗಿಯ ಮಾತು ಆಗಲೇ ತುಂಡುತುಂಡಾಗುತ್ತಿತ್ತು. "ಹಲೋ ಸರ್? ಕೇಳಿಸ್ತಿದೆಯಾ ಸರ್?"

ಭಾವ ಎಡಗೈಯಿಂದ ಮಂಚ ಬಡಿದ. "ಬೀ... ಬೀ..."

"ಸುಮ್ನಿರಪ್ಪ, ಮಾತ್ರೆ ಆಮೇಲೆ" ಎಂದು ಪಿಸುಗುಟ್ಟಿದ ಬೀಗದಣ್ಣ.

ಭಾವ ತಲೆ ಅಲ್ಲಾಡಿಸಿದ. ಬೆರಳನ್ನು ಬಾಗಿಲಾಚೆ ಗೋಡೆಯ ಪೆಟ್ಟಿಗೆಯತ್ತ ಚಾಚಿ, ಕತ್ತಿನ ನರ ಉಬ್ಬುವಂತೆ ಹೊರಡಿಸಿದ: "ಬೀ...ಗ!"

ಬೀಗದಣ್ಣ ಪೆಟ್ಟಿಗೆಯತ್ತ ತಿರುಗಿದ. ನಿನ್ನೆ ಹಾಡು ನಿಂತದ್ದು ಯಾವಾಗ ಎಂಬುದು ಈಗ ಹೊಳೆಯಿತು. ಈ ಬಿಳಿ ತಟ್ಟೆಯ ಮಾತು ತಂತಿಯಲ್ಲಲ್ಲ, ಗಾಳಿಯಲ್ಲಿ ಹೋಗಬೇಕಾದದ್ದು. ಅದರ ಬಾಯಿಗೇ ಅವನು ಕಬ್ಬಿಣ ಮುಚ್ಚಿದ್ದ. ಅವಸರಕ್ಕೆ ಬೀಗದ ಕೈ ಎರಡು ಸಲ ತಪ್ಪಿತು. ಮೂರನೆಯ ಸಲ ಬಾಗಿಲು ತೆರೆಯಿತು.

"ಹಾಂ ಸರ್... ಈಗ ಚೆನ್ನಾಗಿ ಕೇಳಿಸ್ತಿದೆ."

ಮುಕ್ಕಾಲು ಗಂಟೆ ಅವನು ಆ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದ, ತಾನಾಗಿಯೇ ಮುಚ್ಚಿಕೊಂಡುಬಿಟ್ಟೀತು ಎನ್ನುವ ಹಾಗೆ.

ಕರೆ ಮುಗಿಸಿ ಬಂದ ತಂಗಿ ಅವನ ಮುಖ ನೋಡಲಿಲ್ಲ. "ಒಂದು ತಿಂಗಳು ನೋಡ್ತಾರಂತೆ. ಇವತ್ತು ಕಡಿದಿದ್ದೂ ಲೆಕ್ಕಕ್ಕೆ ಬರುತ್ತಂತೆ. ಇನ್ನೊಂದು ಸಲ ಆದ್ರೆ..."

ಅವನು ಪೆಟ್ಟಿಗೆಯ ತಿರುಪುಮೊಳೆಗಳನ್ನು ಒಂದೊಂದಾಗಿ ಬಿಚ್ಚಿದ. ಬರಿ ಗೋಡೆಯ ಮೇಲೆ ಆ ಬಿಳಿ ತಟ್ಟೆ ಯಾರು ಬೇಕಾದರೂ ಮುಟ್ಟುವಂತೆ ಉಳಿಯಿತು. ಹೊರಡುವಾಗ ಅವನ ಕೈ ಅಭ್ಯಾಸಕ್ಕೆ ಗೋಡೆಯತ್ತ ಚಾಚಿತು. ಜಗ್ಗಿ ನೋಡಲು ಅಲ್ಲಿ ಏನೂ ಇರಲಿಲ್ಲ.