ಖಾಲಿ ಗೂಡನ್ನು ಯಾರು ಬರೀತಾರೆ?

ಮೊನ್ನೆ ನಮ್ಮ ವಿಭಾಗದ ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ಶುರುವಾಗದೆ ಬರೀ ಬೀಪ್ ಎಂದು ಕೂಗುತ್ತಿತ್ತು. ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಬಿಚ್ಚಿ, ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ.

"ಮೇಡಂ, ಇದು ಯಾವ ಸಿಲಬಸ್‌ನಲ್ಲಿದೆ?" ಎಂದಳು ವಿದ್ಯಾರ್ಥಿನಿಯೊಬ್ಬಳು. ನಕ್ಕು ಪಟ್ಟಿಯ ಇನ್ನೊಂದು ಬದಿ ಉಜ್ಜಿದೆ. ರಬ್ಬರಿನ ಸಿಹಿ ವಾಸನೆಗೆ ಭದ್ರಾವತಿಯ ರಿಪೇರಿ ಅಂಗಡಿಯ ಅಂಕಲ್ ನೆನಪಾಗಿದ್ದರು...

ಆಗ ನಾನು ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಎಂ.ಎಸ್ಸಿ. ಗಣಿತ ಓದುತ್ತಿದ್ದೆ. ಕಾದ ಕಬ್ಬಿಣದ ತಗಡಿನಲ್ಲಿ ಶಾಖ ಹೇಗೆ ಹರಡುತ್ತದೆ ಎಂಬುದು ನನ್ನ ಪ್ರಾಜೆಕ್ಟ್. ತಗಡನ್ನು ಇಪ್ಪತ್ತು ಸಾವಿರ ಚುಕ್ಕಿಗಳಾಗಿ ವಿಂಗಡಿಸಿ ಲೆಕ್ಕಕ್ಕೆ ಕೊಟ್ಟರೆ, ಮೆಮೊರಿ ಸಾಲದೆಂದು ಸಾಫ್ಟ್‌ವೇರ್ ನಿಂತುಬಿಡುತ್ತಿತ್ತು. ಸೋಮವಾರ ಉತ್ತರ ತೋರಿಸದಿದ್ದರೆ ಆ ವರ್ಷ ಪದವಿಯಿಲ್ಲ. ಶುಕ್ರವಾರ ಸಿಪಿಯುವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಅಂಕಲ್ ಅಂಗಡಿಗೆ ಆಟೋ ಹತ್ತಿದೆ.

ಅಂಕಲ್ ಊರಿನ ಕಬ್ಬಿಣದ ಕಾರ್ಖಾನೆಯ ಉಗ್ರಾಣದಲ್ಲಿ ದುಡಿದು ನಿವೃತ್ತರಾದವರು. ಮೆಮೊರಿ ಪಟ್ಟಿ ಬಿಚ್ಚಿ, ರಬ್ಬರಿನಿಂದ ಉಜ್ಜಿ ನೋಡಿದರು.

"ಇದಕ್ಕೇನೂ ಆಗಿಲ್ಲ. ಎರಡು ಜಿಬಿ ಸರಿಯಾಗಿದೆ."

"ಸಾಫ್ಟ್‌ವೇರ್ ಡಬ್ಬದ ಮೇಲೆ ಎರಡು ಜಿಬಿ ಸಾಕು ಅಂತಾನೇ ಇದೆ ಅಂಕಲ್."

"ಅದು ಬಂದು ಕೂರೋಕೆ ಸಾಕು ಮಾರಾಯ್ತಿ. ಊಟಕ್ಕೆ ಎಲೆ ಹಾಕೋಕೆ ಜಾಗ ಬೇಡ್ವಾ?"

"ಇನ್ನೊಂದು ಪಟ್ಟಿ ಹಾಕಿಬಿಡಿ."

"ಈ ಬೋರ್ಡು ಎರಡು ಜಿಬಿಗಿಂತ ಮೇಲೆ ತಗೊಳಲ್ಲ."

ನಾನು ಗೋಡೆಯ ಕ್ಯಾಲೆಂಡರ್ ಓದುವವಳಂತೆ ಆ ಕಡೆ ತಿರುಗಿದೆ. ಅವರು, "ಅಂಥಾದ್ದೇನು ತುಂಬ್ತಿದೀಯ ಅದ್ರೊಳಗೆ?" ಎಂದರು.

ಕಾಗದದ ಮೇಲೆ ಬರೆದು ತೋರಿಸಿದೆ. ಚುಕ್ಕಿಗೊಂದರಂತೆ ಇಪ್ಪತ್ತು ಸಾವಿರ ಸಾಲು, ಒಂದೊಂದರಲ್ಲೂ ಇಪ್ಪತ್ತು ಸಾವಿರ ಮನೆ. ಒಂದು ಸಾಲಿಗೆ ಐದೇ ಅಂಕಿ: ಒಂದು ಚುಕ್ಕಿಯದು, ನಾಲ್ಕು ಅದರ ನೆರೆಯವು.

"ಮಿಕ್ಕಿದ್ದು?"

"ಸೊನ್ನೆ."

ಕನ್ನಡಕ ಜಾರುವಷ್ಟು ನಕ್ಕರು. "ನಮ್ ಸ್ಟೋರ್ಸ್‌ನಲ್ಲಿ ಸಾವಿರಾರು ಗೂಡು. ಸಾಮಾನಿರೋ ಗೂಡಿನ ನಂಬರಷ್ಟೇ ಬರ್ಕೊಳ್ತಿದ್ವಿ. ಖಾಲಿ ಗೂಡನ್ನ ಯಾರು ಬರೀತಾರೆ? ಇಷ್ಟು ಓದಿ ಸೊನ್ನೆ ಹೊರ್ತಾ ಇದೀಯಲ್ಲ!"

ಪಠ್ಯಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯವಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ. ಮನೆಗೆ ಹೋಗಿ, ಸೊನ್ನೆಯಲ್ಲದ ಅಂಕಿಗಳನ್ನೂ ಅವುಗಳ ಜಾಗವನ್ನೂ ಮಾತ್ರ ಇಟ್ಟುಕೊಳ್ಳುವಂತೆ ಪ್ರೋಗ್ರಾಮ್ ತಿದ್ದಿದೆ. ಅದೇ ಎರಡು ಜಿಬಿಯಲ್ಲಿ, ಕಾಫಿ ಅರ್ಧ ಕುಡಿಯುವಷ್ಟರಲ್ಲಿ ಉತ್ತರ ಬಂತು.

ಪದವಿ ಬಂದ ಮೇಲೆ ಸಿಹಿ ಕೊಡಲು ಹೋದೆ. "ತಗಡು ತಣ್ಣಗಾಯ್ತಾ?" ಎಂದಷ್ಟೇ ಕೇಳಿದರು. ಪ್ರಾಜೆಕ್ಟಿನ ಕೃತಜ್ಞತೆಯ ಪುಟದಲ್ಲಿ ಎಲ್ಲರೂ ಇದ್ದರು, ಅವರೊಬ್ಬರನ್ನು ಬಿಟ್ಟು. ಗಣಿತದ ಪ್ರಬಂಧದಲ್ಲಿ ರಿಪೇರಿ ಅಂಗಡಿಯನ್ನು ಹೇಗೆ ಬರೆಯುವುದೆಂದು ಸಂಕೋಚ...

ಲ್ಯಾಬಿನ ಕಂಪ್ಯೂಟರ್ ಶುರುವಾಯಿತು. ಆ ಭಾನುವಾರ ಭದ್ರಾವತಿಗೆ ಹೋದೆ. ಅಂಗಡಿಯಲ್ಲಿ ಈಗ ಮೊಬೈಲ್ ಕವರ್‌ಗಳು ನೇತಾಡುತ್ತಿವೆ. ಅಂಕಲ್ ತೀರಿಕೊಂಡು ಎರಡು ವರ್ಷವಾಯಿತಂತೆ.

ಖಾಲಿ ಗೂಡನ್ನು ಬರೆಯಬಾರದೆಂದು ಕಲಿಸಿದವರು ಅವರು. ಅವರು ಬಿಟ್ಟುಹೋದ ಈ ಗೂಡೊಂದನ್ನು ಮಾತ್ರ ಬರೆದಿಟ್ಟಿದ್ದೇನೆ.