ಪೊರ್ಬುಗಳ ಹಳದಿ ಗೆರೆ

ಕಳೆದ ತಿಂಗಳು ಕಾರನ್ನು ಸರ್ವಿಸಿಗೆ ಬಿಟ್ಟು ಕಂಪೆನಿ ವರ್ಕ್‌ಶಾಪಿನ ಗಾಜಿನ ಕೋಣೆಯಲ್ಲಿ ಕುಳಿತಿದ್ದೆ. ಅಲ್ಲಿ ಕಾಯುವವರಿಗೆ ಕಾಫಿ ಉಂಟು, ಟಿ.ವಿ. ಉಂಟು, ತಂಪು ಗಾಳಿ ಉಂಟು, ನಮ್ಮ ಗಾಡಿಯ ಹತ್ತಿರ ಮಾತ್ರ ನಮ್ಮನ್ನು ಬಿಡುವುದಿಲ್ಲ. ಕೊನೆಗೊಮ್ಮೆ ಏನೋ ತೋರಿಸಲು ಒಳಗೆ ಕರೆದರು. ಮೆಕ್ಯಾನಿಕ್ ಒಬ್ಬ ಬೋಲ್ಟನ್ನು ಬಿಗಿ ಮಾಡಿ ಅದರ ಮೇಲೆ ಹಳದಿ ಪೇಂಟಿನ ಗೆರೆ ಎಳೆಯುತ್ತಿದ್ದ. ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅವರು ಏನು ತೋರಿಸಿದರೋ, ನಾನು ಏನಕ್ಕೆ ಹೂಂ ಎಂದೆನೋ...

ಸೀತಾಂಗೋಳಿಯ ಹತ್ತಿರ ಶೀಟು ಹೊದಿಸಿದ ಒಂದು ಗ್ಯಾರೇಜಿತ್ತು. ಅದರ ಯಜಮಾನರನ್ನು ನಾವೆಲ್ಲ ಪೊರ್ಬುಗಳು ಎನ್ನುತ್ತಿದ್ದೆವು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಮರ್ಯಾದೆಯಿಂದ ಕರೆಯುವುದು ಹಾಗೆ. ಅವರು ಒಂದು ಬೋಲ್ಟ್ ಬಿಗಿ ಮಾಡಿದರೆ ಸಣ್ಣ ಬ್ರಷ್ಷಿನಿಂದ ಅದರ ತಲೆಗೂ ಪಕ್ಕದ ಕಬ್ಬಿಣಕ್ಕೂ ಸೇರಿಸಿ ಒಂದು ಹಳದಿ ಗೆರೆ ಎಳೆಯುತ್ತಿದ್ದರು. ಬೇರೆ ಯಾರಾದರೂ ಆ ಬೋಲ್ಟನ್ನು ತಿರುಗಿಸಿದರೆ ಗೆರೆ ತುಂಡಾಗುತ್ತದೆ. ಗೆರೆ ನೆಟ್ಟಗಿದ್ದರೆ ಕೆಲಸ ಅವರದು, ಜವಾಬ್ದಾರಿಯೂ ಅವರದು. ಇಂಥ ಗುರುತು ಬೇರೆಯವರೂ ಹಾಕುತ್ತಾರೆ, ಆದರೆ ಅಷ್ಟು ಅಚ್ಚುಕಟ್ಟಾಗಿ ಹಾಕುವವರು ಅವರೊಬ್ಬರೇ. ಕುಂಬಳೆಯಿಂದ ಪೆರ್ಲದವರೆಗೆ ಯಾವ ಮೆಕ್ಯಾನಿಕ್ ಬಾನೆಟ್ ಎತ್ತಿದರೂ ಅದು ಪೊರ್ಬುಗಳ ಕೈ ಎಂದು ಗೊತ್ತಾಗುತ್ತಿತ್ತು.

ಗಾಡಿಯಿಂದ ಕಳಚಿದ ಕಂಪೆನಿ ಸಾಮಾನನ್ನು ಅವರು ಗುಜರಿಗೆ ಹಾಕುತ್ತಿರಲಿಲ್ಲ. ಗೋಣಿಯಲ್ಲಿ ಕಟ್ಟಿ, ಗಾಡಿಯ ನಂಬರು ಬರೆದು, ಅಟ್ಟದಲ್ಲಿ ಇಡುತ್ತಿದ್ದರು. ಒಬ್ಬರ ಗಾಡಿಯ ವಿಷಯವನ್ನು ಇನ್ನೊಬ್ಬರ ಹತ್ತಿರ ಹೇಳುತ್ತಿರಲಿಲ್ಲ. ಅವರ ಬಾಯಿ ಬಿಡಿಸಲು ನಾನು ಎಷ್ಟೋ ಸಲ ನೋಡಿದ್ದೇನೆ. ಪಕ್ಕದಲ್ಲಿ ನಿಂತ ಕಾರು ಯಾರದು, ಏನಾಗಿದೆ ಎಂದು ಕೇಳಿದರೆ ನಕ್ಕು ಸ್ಪ್ಯಾನರ್ ಹುಡುಕುತ್ತಿದ್ದರು.

ನಾನು ಆಗ ಔಷಧ ಕಂಪೆನಿಯ ರೆಪ್. ಅಪ್ಪ ಪೂಜೆಗೆ ಹೋಗುತ್ತಿದ್ದರು, ನಾನು ಮಾತ್ರೆ ಮಾರಲು ಹೋಗುತ್ತಿದ್ದೆ. ನನ್ನದೊಂದು ಸಣ್ಣ ಡೀಸೆಲ್ ಕಾರಿತ್ತು. ಓಡುತ್ತಿತ್ತು, ಆದರೆ ನನಗೆ ಸಾಕಾಗುತ್ತಿರಲಿಲ್ಲ. ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ತಲೆ ಕೆಟ್ಟಿತ್ತು. ಎಂಜಿನ್ನಿಗೆ ಗಾಳಿ ನೂಕುವ ಟರ್ಬೊ ದೊಡ್ಡದು ಬೇಕು, ಗುಡುಗುವ ಸೈಲೆನ್ಸರ್ ಬೇಕು, ಗಾಡಿ ನೆಲಕ್ಕೆ ತಗ್ಗಿ ಕೂರಬೇಕು. ಪಟ್ಟಿ ಹಿಡಿದು ಪೊರ್ಬುಗಳ ಹತ್ತಿರ ಹೋದೆ. ಅವರು ಪಟ್ಟಿ ಓದಿ ಕನ್ನಡಕ ತೆಗೆದರು.

"ಖುಷಿಗೆ ಬೇಕಾದ್ರೆ ಮಾಡಿಸಿ ಭಟ್ರೇ, ನಾನು ಬೇಡ ಹೇಳುದಿಲ್ಲ. ಆದ್ರೆ ಇದಕ್ಕೆ ಹಾಕಿದ ದುಡ್ಡು ಮಾರುವಾಗ ಹಿಂದೆ ಬರ್ಲಿಕ್ಕಿಲ್ಲ. ಇದ್ದ ರೇಟೂ ಇಳಿತದೆ."

ನಾನು ಮಾರುವವನೇ ಅಲ್ಲ ಎಂದೆ. ಅವರು ಮಾಡಿಕೊಟ್ಟರು. ಸುಳ್ಳು ಏಕೆ, ಐದು ವರ್ಷ ನಾನು ಆ ಕಾರಿನಲ್ಲಿ ರಾಜನ ಹಾಗೆ ತಿರುಗಿದ್ದೇನೆ. ಪೆರ್ಲದ ಏರಿನಲ್ಲಿ ಪುತ್ತೂರಿನ ಬಸ್ಸನ್ನು ಹಿಂದೆ ಹಾಕುವಾಗ ಕಾಲಡಿಯಿಂದ ಏಳುತ್ತಿದ್ದ ಆ ಎಳೆತ... ಈಗಲೂ ನೆನೆದರೆ ಖುಷಿಯಾಗುತ್ತದೆ. ಅದಕ್ಕೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಮತ್ತೆ ಮದುವೆಯಾಯಿತು, ಮಗುವಾಯಿತು, ದೊಡ್ಡ ಕಾರು ಬೇಕಾಯಿತು. ಕಾಸರಗೋಡಿನ ಹಳೆ ಕಾರು ವ್ಯಾಪಾರಿ ಟಾರ್ಚು ಹಿಡಿದು ನನ್ನ ಗಾಡಿಯ ಅಡಿಗೆ ಬಗ್ಗಿದವನು ಮುಖ ಹುಳಿ ಮಾಡಿಕೊಂಡು ಎದ್ದ. "ಆಲ್ಟ್ರೇಷನ್ ಗಾಡಿ ಬೇಡ ಮಾರಾಯ್ರೆ. ಬರುವವ್ರು ಕೇಳುದೇ ಕಂಪೆನಿ ಕಂಡೀಶನ್ ಉಂಟಾ ಅಂತ. ಎಷ್ಟು ಹೊಡ್ದಿದ್ದೀರಿ ಅಂತ ಈ ಸೈಲೆನ್ಸರೇ ಹೇಳ್ತದೆ." ಮಾರುಕಟ್ಟೆಯ ರೇಟಿನ ಮುಕ್ಕಾಲು ಪಾಲೂ ಅವನು ಹೇಳಲಿಲ್ಲ. ಯಾವುದಕ್ಕೆಲ್ಲ ಸಂಬಳ ಸುರಿದಿದ್ದೆನೋ ಅದೊಂದೊಂದನ್ನೂ ಬೆರಳು ಮಾಡಿ ತೋರಿಸಿ ಅವನು ರೇಟು ಇಳಿಸಿದ. ನನಗೆ ಮೈಯೆಲ್ಲ ಉರಿಯಿತು.

ನೇರ ಸೀತಾಂಗೋಳಿಗೆ ಹೋದೆ. ಗೋಣಿ ಇಳಿಸಿ, ಹಳೆಯದನ್ನೆಲ್ಲ ಮೊದಲಿನ ಹಾಗೆ ಕೂರಿಸಿಕೊಡಿ ಎಂದೆ.

"ಕೂರಿಸುವ, ಅದಕ್ಕೆಂತ. ಈಗ ಇರುವ ದೊಡ್ಡ ಟರ್ಬೊ ಮಾತ್ರ ಬದ್ಲಿಸ್ಲೇಬೇಕು, ಅದರ ಆಯುಷ್ಯ ಮುಗಿತು. ಮತ್ತೆ ತಕ್ಕೊಳ್ಳುವವ್ರಿಗೆ ಹೇಳ್ಬೇಕು, ಗಾಡಿ ಐದು ವರ್ಷ ಹೀಗೆ ಓಡಿದೆ ಅಂತ."

"ಹೇಳಿದ್ರೆ ಯಾರು ತಕ್ಕೊಳ್ತಾರೆ ಪೊರ್ಬುಗಳೇ?"

"ಕಮ್ಮಿ ರೇಟಿಗೆ ತಕ್ಕೊಳ್ತಾರೆ. ನೀವು ಐದು ವರ್ಷ ಮಜಾ ಮಾಡ್ಲಿಲ್ವಾ? ಅದಕ್ಕೂ ಒಂದು ರೇಟು ಬೇಡ್ವಾ?"

ನಾನು ಹೇಳುವುದಿಲ್ಲ ಎಂದೆ. ಹಾಗಾದರೆ ನಾನು ಕೈ ಹಾಕುವುದಿಲ್ಲ ಎಂದರು. ಸಿಟ್ಟು ಮಾಡಲಿಲ್ಲ. ಸಾಮಾನು ನಿಮ್ಮದಲ್ಲವಾ ಎಂದು ಗೋಣಿಯನ್ನು ತಾವೇ ಹೊತ್ತು ತಂದು ನನ್ನ ಡಿಕ್ಕಿಯಲ್ಲಿಟ್ಟರು.

ಬೇರೆ ಕಡೆ ಮಾಡಿಸಿದೆ. ಸೈಲೆನ್ಸರ್, ಸ್ಪ್ರಿಂಗು, ಕಣ್ಣಿಗೆ ಕಾಣುವುದೆಲ್ಲ ಬದಲಾಯಿತು. ಟರ್ಬೊ ಎಂಜಿನ್ನಿನ ಹಿಂದೆ ಅಡಗಿರುತ್ತದೆ, ಬಿಚ್ಚಲು ಎರಡು ದಿನ ಬೇಕು, ಯಾರು ನೋಡುತ್ತಾರೆ ಎಂದು ಹಾಗೆಯೇ ಬಿಟ್ಟೆ. ಕಂಪೆನಿಯ ಟರ್ಬೊ ಗೋಣಿಯಲ್ಲೇ ನಮ್ಮ ಮನೆಯ ಅಟ್ಟ ಸೇರಿತು. ಕಾರನ್ನು ಕೊಂಡವರು ಪೆರ್ಲದ ಬೇಕರಿಯವರು. ಎಂಜಿನ್ನಿಗೆ ಯಾರೂ ಕೈ ಹಾಕಿಲ್ಲ ಎಂದು ಅವರ ಮುಖ ನೋಡಿಯೇ ಹೇಳಿದೆ. ಡಾಕ್ಟರುಗಳನ್ನೇ ನಂಬಿಸುವ ಕೆಲಸ ನನ್ನದು. ಅವರು ಚೌಕಾಶಿ ಕೂಡ ಮಾಡಲಿಲ್ಲ.

ಮೂರನೆಯ ತಿಂಗಳಲ್ಲಿ ಟರ್ಬೊ ಒಡೆದು, ಹೊಗೆ ಕಾರಿ, ಗಾಡಿ ಏರಿನಲ್ಲಿ ನಿಂತಿತು. ಅವರ ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಅದು ಕಂಪೆನಿಯ ಟರ್ಬೊ ಅಲ್ಲ. ಬಿಚ್ಚುವ ಮೊದಲು ಅದರ ಬೋಲ್ಟುಗಳ ಮೇಲೆ ಪೊರ್ಬುಗಳ ಹಳದಿ ಗೆರೆ ನೆಟ್ಟಗೇ ಇತ್ತಂತೆ. ಬೇಕರಿಯವರು ನನಗೆ ಫೋನು ಮಾಡಿದರು. ಒಂದು ಗಳಿಗೆ ಯೋಚಿಸಿದ್ದರೆ ಬೇರೆ ಮಾತು ಬರುತ್ತಿತ್ತೋ ಏನೋ. ಯೋಚಿಸಲಿಲ್ಲ. "ನಾನು ಸರ್ವಿಸಿಗೆ ಕೊಟ್ಟದ್ದು ಮಾತ್ರ. ಅವ್ರು ಎಂತ ಕೂರಿಸಿದ್ದಾರೆ ಅಂತ ನಂಗೆಂತ ಗೊತ್ತು?" ಎಂದೆ.

ಅಷ್ಟು ಸಾಕಾಯಿತು. ಮಾಲಕರಿಗೆ ಗೊತ್ತಿಲ್ಲದೆ ಕಂಪೆನಿ ಟರ್ಬೊ ಕದ್ದು ಮಾರಿ ಯಾವುದೋ ಹಳೆಯದನ್ನು ಕೂರಿಸಿದ್ದಾರೆ ಎಂದು ಬೇಕರಿಯವರು ನಾಲ್ಕು ಜನರನ್ನು ಕಟ್ಟಿಕೊಂಡು ಗ್ಯಾರೇಜಿಗೆ ಬಂದರು. ನನ್ನನ್ನೂ ಸಾಕ್ಷಿಗೆ ಕರೆದರು. ಹೋದೆ. ಹೋಗದಿದ್ದರೆ ಅನುಮಾನ ಬರುತ್ತದಲ್ಲ! ಪೊರ್ಬುಗಳು ಎಲ್ಲವನ್ನೂ ಕೇಳಿ ನನ್ನ ಕಡೆ ತಿರುಗಿದರು. ಕಾದರು. ಗೋಣಿ ಯಾರ ಡಿಕ್ಕಿಯಲ್ಲಿ ಹೋಯಿತು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಮೊಬೈಲು ತೆಗೆದು ಬಾರದ ಮೆಸೇಜನ್ನು ಓದುತ್ತಾ ನಿಂತೆ.

"ಗೆರೆ ನನ್ನದೇ. ಗಾಡಿ ಇಲ್ಲಿಗೆ ತನ್ನಿ, ಸರಿ ಮಾಡಿ ಕೊಡ್ತೇನೆ" ಎಂದರು. ಸ್ವಂತ ದುಡ್ಡಿನಲ್ಲಿ ಹೊಸ ಟರ್ಬೊ ತರಿಸಿ ಹಾಕಿದರು.

ಒಪ್ಪಿಕೊಂಡ ಮೇಲೆ ಕಳ್ಳನೇ ತಾನೆ? ಊರಿನವರು ತಮ್ಮ ತಮ್ಮ ಗಾಡಿಯ ಬಾನೆಟ್ ಎತ್ತಿ, ಏನೇನು ಉಳಿದಿದೆ ಎಂದು ನೋಡಲು ಶುರು ಮಾಡಿದರು. ಆ ಹಳದಿ ಗೆರೆ ಕಂಡರೆ ಅನುಮಾನ ಪಡುವ ಹಾಗಾಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಗ್ಯಾರೇಜು ಮುಚ್ಚಿತು. ಅವರು ಅಲ್ಲೇ ಒಂದು ಕಾರ್ಖಾನೆಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿದರು. ಒಂದೆರಡು ಸಲ ಬಸ್‌ಸ್ಟಾಪಿನಲ್ಲಿ ಕಂಡಿದ್ದರು. ನಾನು ಕಾರಿನ ಗಾಜು ಇಳಿಸಲಿಲ್ಲ. ಗೋಣಿಯನ್ನು ಗುಜರಿಯವನಿಗೆ ಕೊಟ್ಟು ಕೈ ತೊಳೆದುಕೊಂಡೆ. ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ಎಲ್ಲರ ಹಾಗೆ ಕೈಮುಗಿದ ಚಿತ್ರ ಒತ್ತಿದೆ. ನನ್ನಂಥ ನಾಚಿಕೆಗೆಟ್ಟವನು ಇನ್ನೊಬ್ಬ ಇರಲಾರ.

ಕಳೆದ ತಿಂಗಳು ಆ ವಾಸನೆ ಮೂಗಿನಿಂದ ಹೋಗಲೇ ಇಲ್ಲ. ಸರ್ವಿಸ್ ಮುಗಿದದ್ದೇ ಸೀದಾ ಪೆರ್ಲಕ್ಕೆ ಹೋದೆ. ಬೇಕರಿಯವರಿಗೆ ಎಲ್ಲವನ್ನೂ ಹೇಳಿದೆ. ಹಾಕಿಸಿದ್ದು ನಾನು, ಮುಚ್ಚಿಟ್ಟದ್ದು ನಾನು, ಟರ್ಬೊ ಇದ್ದದ್ದು ನಮ್ಮ ಮನೆಯಲ್ಲಿ ಎಂದೆ. ಅವರು ಕೇಳುತ್ತಾ ಕೇಳುತ್ತಾ ನನ್ನ ಹೆಗಲ ಮೇಲೆ ಕೈ ಇಟ್ಟರು.

"ಬಿಡಿ ಭಟ್ರೇ, ಅವ್ರೇ ಒಪ್ಪಿಕೊಂಡಾಗಿದೆಯಲ್ಲ. ಸತ್ತವ್ರ ಹೆಸ್ರು ಉಳೀಲಿ ಅಂತ ನೀವು ಮೈಮೇಲೆ ಎಳ್ಕೊಳ್ತಿದ್ದೀರಿ. ನಿಮ್ಮಂಥವ್ರು ಈಗ ಎಲ್ಲಿದ್ದಾರೆ?"

ನಾನು ದೇವರಾಣೆ ಹಾಕಿದೆ. ಅವರ ಕಣ್ಣು ಒದ್ದೆಯಾಯಿತು. ತೋರಿಸಲು ಗೋಣಿ ಇರಲಿಲ್ಲ. ಕೇಳೋಣವೆಂದರೆ ಪೊರ್ಬುಗಳೂ ಇಲ್ಲ. ಬೇಡವೆಂದರೂ ಕೇಳದೆ ಬ್ರೆಡ್ಡು, ರಸ್ಕು ಕಟ್ಟಿ ಕೊಟ್ಟರು.

ಮೊನ್ನೆ ಅವರು ಆ ಕಾರನ್ನು ಮಾರಿದರಂತೆ. ಬೇಕರಿಯವರು ನನ್ನ ಹಾಗಲ್ಲ, ಹಿಂದೆ ಆದದ್ದನ್ನೆಲ್ಲ ಹೇಳಿಯೇ ಮಾರಿದ್ದಾರೆ. ಆದರೂ ಒಳ್ಳೆಯ ರೇಟು ಸಿಕ್ಕಿತಂತೆ. ಕೊಂಡವರ ಹತ್ತಿರ ಟರ್ಬೊ ಕದ್ದ ಮೆಕ್ಯಾನಿಕನ ಕಥೆ ಹೇಳಿ, ಕೊನೆಯಲ್ಲಿ ನನ್ನ ದೊಡ್ಡ ಮನಸ್ಸಿನ ಕಥೆಯನ್ನೂ ಸೇರಿಸಿದರಂತೆ.