ತಂಗಿಗಾಗಿ ಇಳಿಸಿದ ತೂಕ

"ನಿಮ್ಮ ಕಿಡ್ನಿ ಎರಡೂ ಚಲೋ ಅದಾವ್ರಿ. ಆದ್ರ ತೂಕ ಭಾಳ ಹೆಚ್ಚೈತಿ. ಇಳಿಸ್ಕೊಂಡ್ ಬರ್ರಿ, ಆಮ್ಯಾಗ ನೋಡೂಣು."

ದೊಡ್ಡಾಸ್ಪತ್ರೆಯ ಡಾಕ್ಟರು ನಮ್ಮ ಪಕ್ಕದ ಮನೆಯ ರೆಹಾನಾಗೆ ಹೀಗೆ ಹೇಳಿ ಕಳಿಸಿದ್ದರು. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ತನ್ನ ಮನೆಗೂ ಹೋಗದೆ ಸೀದಾ ನಮ್ಮ ಮನೆಗೆ ಬಂದು ಕೂತಳು.

"ಅಕ್ಕೋರೆ, ನಾಳಿಂದ ವಾಕಿಂಗ್ ಹೋಗ್ಬೇಕು. ಒಬ್ಬಾಕೀನ ಹೋಗಾಕ ನಾಚಿಕಿ ಬರ್ತೈತಿ. ಜೋಡಿ ಬರ್ತೀರೇನು?"

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. (ನಿಂತೇ ಹೇಳುತ್ತೇನೆ, ಅದೇ ನನ್ನ ವ್ಯಾಯಾಮ ಎಂದು ನಂಬಿದ್ದೆ.) ಆಕೆ ತಹಶೀಲ್ದಾರ್ ಕಚೇರಿ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ. ಹೂಂ ಅಂದೆ.

ವಿಷಯ ಇಷ್ಟು. ರೆಹಾನಾಳ ತಂಗಿ ಶಾಹೀನ್, ಇಂಡಿಗೆ ಮದುವೆಯಾಗಿ ಹೋದವಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ವಿಜಯಪುರದಲ್ಲಿ ಡಯಾಲಿಸಿಸ್. ತನ್ನದೊಂದು ಕೊಡಲು ಮುಂದಾದ ಅಕ್ಕನ ರಕ್ತ ಹೊಂದಿತು, ಟೆಸ್ಟುಗಳೆಲ್ಲ ಪಾಸಾದವು. ಅಡ್ಡ ನಿಂತದ್ದು ತೂಕ ಮಾತ್ರ. ದಪ್ಪ ಇರುವವರಿಗೆ ಆಪರೇಷನ್ ಅಪಾಯ. ಆಮೇಲೆ ಒಂದೇ ಕಿಡ್ನಿಯ ಮೇಲೆ ಬದುಕುವಾಗ ಅದಕ್ಕೂ ಭಾರ.

ಅಕ್ಕ ತಂಗಿ ಇಬ್ಬರೂ ತವರೂರು ಮೋರಟಗಿಯಲ್ಲಿ ಒಂದೇ ಹಂಚಿನ ರೊಟ್ಟಿ ತಿಂದು ಬೆಳೆದವರು. ಶಾಹೀನ್ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದಳಂತೆ. ಆದರೂ ಕಡ್ಡಿ. ರೆಹಾನಾ ಏನೂ ತಿನ್ನದಿದ್ದರೂ ಊದುತ್ತಿದ್ದಳಂತೆ. "ತಂಗೀನ ನೋಡಿ ಕಲಿ" ಎಂದು ಬಂಧುಬಳಗದವರೆಲ್ಲ ಹೇಳಿದ್ದೇ ಹೇಳಿದ್ದು. (ತೆಳ್ಳಗಿರುವುದನ್ನು ಯಾರಾದರೂ ನೋಡಿ ಕಲಿಯಲು ಬರುತ್ತದೆಯೇ?) ದಪ್ಪ ಎಂದರೆ ರೋಗ, ತೆಳ್ಳಗೆ ಎಂದರೆ ಆರೋಗ್ಯ ಎಂದು ನಾವೆಲ್ಲ ಕಣ್ಣಳತೆಯಲ್ಲೇ ತೀರ್ಪು ಕೊಡುತ್ತೇವಲ್ಲ. ಆ ತೆಳ್ಳಗಿನ ತಂಗಿಯೇ ಈಗ ಆಸ್ಪತ್ರೆಯ ಮಂಚದ ಮೇಲಿದ್ದಳು.

ಮೋರಟಗಿ ರಸ್ತೆಯಲ್ಲಿ ನಮ್ಮ ನಡಿಗೆ ಶುರುವಾಯಿತು. ಆಗ ತೊಗರಿ ಹೂ ಬಿಟ್ಟಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದವು. ಇದನ್ನು ಕಂಡಿದ್ದ ಗಿರಾಕಿಯೊಬ್ಬ ಅಂಗಡಿಗೆ ಬಂದು, "ಏನ್ ಆಪಾ, ಈ ವಯಸ್ಸಿನಾಗ ಹೀರೋಯಿನ್ ಆಗಾವ್ರೇನು?" ಎಂದು ಕೇಳಿದ. ರೆಹಾನಾ ಕಾರಣ ಹೇಳಲಿಲ್ಲ. ಅವನ ಆಧಾರ್ ಕಾರ್ಡು ಝೆರಾಕ್ಸ್ ಮಾಡಿ ಕೊಟ್ಟಳು, ಅಷ್ಟೇ.

ಮೊದಮೊದಲು ಆಕೆಯ ತೂಕ ಸರಸರ ಇಳಿಯಿತು. ಆಮೇಲೆ ನಿಂತುಬಿಟ್ಟಿತು. ಸುಮ್ಮನೆ ಜೊತೆಗೆ ಹೋದ ನನ್ನ ಬ್ಲೌಸುಗಳು ಸಡಿಲಾದವು! ಅದೇ ರಸ್ತೆ, ಅದೇ ವೇಗ. ಬೇಕಾದವಳಿಗೆ ಇಲ್ಲ, ಬೇಡದವಳಿಗೆ ಲಾಭ. ನನಗೆ ತೂಕ ಇಳಿದ ಖುಷಿಗಿಂತ ಮುಜುಗರವೇ ಹೆಚ್ಚಾಯಿತು.

ಒಂದು ಮುಂಜಾನೆ ರಸ್ತೆ ಬದಿಯ ಕಲ್ಲಿನ ಮೇಲೆ ರೆಹಾನಾ ಕುಸಿದು ಕೂತಳು. ಮುಖವೆಲ್ಲ ಬೆವರು, ಕಣ್ಣಿಗೆ ಕತ್ತಲೆ. ನೀರು ಕುಡಿಸಿದೆ.

"ನಿನ್ನೆ ಏನ್ ಉಂಡೀದಿ?"

"ಚಾ ಕುಡ್ದೀನ್ರಿ."

"ಮೊನ್ನಿ?"

ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟಳು. ಮಧ್ಯಾಹ್ನ ಅರ್ಧ ರೊಟ್ಟಿ, ರಾತ್ರಿ ಏನೂ ಇಲ್ಲ. ಹಲವು ವಾರಗಳಿಂದ.

"ತೂಕ ಇಳಿಯವಲ್ದು ಅಕ್ಕೋರೆ. ಅಲ್ಲಿ ಆಕಿ ದಿನಾ ಬಾಡಾಕತ್ತಾಳ. ನಾ ಹೆಂಗ್ ಉಣ್ಲಿ?"

ಮರುದಿನವೇ ವಿಜಯಪುರದ ಬಸ್ಸು ಹತ್ತಿದೆವು. ಆಸ್ಪತ್ರೆಯಲ್ಲಿ ಡಯಟ್ ನೋಡಿಕೊಳ್ಳುವ ಮೇಡಂ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು.

"ಉಪವಾಸ ಬಿದ್ರ ದೇಹ ಅಂಜ್ಕೋತೈತ್ರಿ. ಒಲಿ ಉರಿ ಸಣ್ಣ ಮಾಡ್ಕೊಂಡು ಇದ್ದದ್ರಾಗ ನಡಸಾಕ ನೋಡ್ತೈತಿ. ಕೊಬ್ಬಿನ ಜೋಡಿ ಮಾಂಸಖಂಡಾನೂ ಕರಗಿ ಹೋಗ್ತೈತಿ. ನೀವು ಸುಮ್ನ ಕುಂತಾಗೂ ಅದಕ್ಕ ಶಕ್ತಿ ಬೇಕಲ್ರಿ? ಅದನ್ನ ಕಳಕೊಂಡ್ರ ಖರ್ಚು ಇನ್ನೂ ಕಡಿಮಿ. ಅದಲ್ದ ತೂಕ ಇಳದಂಗ ದೇಹಕ್ಕ ಬೇಕಾಗೂದು ಹೆಂಗೂ ಕಡಿಮಿ ಆಗ್ತೈತಿ. ಮೊದಲಿನಷ್ಟ ನಡದ್ರ ಸಾಲಂಗಿಲ್ಲ."

"ಹಂಗಾರ ಉಣ್ಲೇನ್ರೀ?"

"ಉಣ್ಣಾಕ ಬೇಕು. ರೊಟ್ಟಿ ಸ್ವಲ್ಪ ಕಡಿಮಿ ಮಾಡ್ರಿ. ಬ್ಯಾಳಿ, ತತ್ತಿ, ಮಜ್ಜಿಗಿ ಹೆಚ್ಚಿಗಿ ತಗೋರಿ. ನಡೆಯೂದರ ಜೋಡಿ ಭಾರ ಎತ್ರಿ. ಕೂಡ್ರೂದು ಕಡಿಮಿ ಮಾಡ್ರಿ."

ಮೆಟಬಾಲಿಸಂ ಎಂಬ ಪದವನ್ನು ವಾಟ್ಸಾಪಿನಲ್ಲಿ ನೂರು ಸಲ ಓದಿದ್ದೆ. ಅರ್ಥವಾದದ್ದು ಆ ಒಲೆಯ ಮಾತಿನಿಂದ.

ಅಂದು ಶಾಹೀನಳ ಡಯಾಲಿಸಿಸ್ ದಿನವೂ ಹೌದು. ಮೇಲಿನ ಮಹಡಿಗೆ ಹೋದೆವು. ಅಕ್ಕ ತಲೆ ತಿರುಗಿ ಕೂತ ಸುದ್ದಿ ನಮಗಿಂತ ಮೊದಲೇ ಅವಳನ್ನು ಮುಟ್ಟಿತ್ತು.

"ಆಪಾ, ನೀ ಹಿಂಗ ಉಪವಾಸ ಬೀಳೂದಾದ್ರ ನಿನ್ ಕಿಡ್ನಿ ನನಗ ಬ್ಯಾಡ."

"ಬ್ಯಾಡಾದ್ರ ಬಿಡು. ಎರಡೂ ನಾನ ಇಟ್ಕೋತೇನಿ."

ಶಾಹೀನ್ ಮೊದಲು ನಕ್ಕಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು. ರೆಹಾನಾ ತಂಗಿಯ ಪಾದ ಹಿಡಿದುಕೊಂಡು ಕೂತಳು. ನಾನು ಮಷಿನ್ನಿನೊಳಗೆ ತಿರುಗುತ್ತಿದ್ದ ರಕ್ತವನ್ನು ನೋಡುತ್ತ ನಿಂತೆ. ಬೇರೆಲ್ಲಿ ನೋಡಬೇಕೋ ತಿಳಿಯಲಿಲ್ಲ.

ಮರುದಿನ ಅಂಗಡಿಯ ಸ್ಟೂಲು ಮೂಲೆ ಸೇರಿತು. ರೆಹಾನಾ ನಿಂತೇ ಕೆಲಸ ಮಾಡತೊಡಗಿದಳು. ಕಾಗದದ ಬಂಡಲುಗಳನ್ನು ಬೇರೆಯವರಿಂದ ಎತ್ತಿಸುವುದು ಬಂದಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನ್ನೇ ಎತ್ತುವುದು, ಇಳಿಸುವುದು. ಮಧ್ಯಾಹ್ನ ಡಬ್ಬಿ ತೆಗೆದು ಹೊಟ್ಟೆತುಂಬ ಉಣ್ಣುವುದು. ಆ ಊಟಕ್ಕೂ ಟೀಕೆ ಬಂತು. "ವಾಕಿಂಗ್ ಮಾಡೂದ್ಯಾಕ, ಹಿಂಗ ತಿನ್ನೂದ್ಯಾಕ?" ಅಂದಳು ಪಕ್ಕದ ಅಂಗಡಿಯವಳು. ಉಣ್ಣದಿದ್ದಾಗ ಒಬ್ಬರೂ ಕೇಳಿರಲಿಲ್ಲ, ನೋಡಿ.

ತೂಕ ಇಳಿಯಿತು. ಆದರೆ ಜಿಪುಣನ ಕೈಯಿಂದ ಬಿಡಿಸಿದ ಹಾಗೆ. ಕೆಲವು ವಾರ ತೂಕದ ಯಂತ್ರದ ಮುಳ್ಳು ಅಲುಗುತ್ತಲೇ ಇರಲಿಲ್ಲ. ನನಗೆ ಬೇಸರ ಬಂದು, ಚಳಿ ಎಂದೋ ಪರೀಕ್ಷೆ ಕೆಲಸ ಎಂದೋ ನೆಪ ಹೇಳಿ ತಪ್ಪಿಸಿಕೊಂಡದ್ದಿದೆ. ಆಕೆ ತಪ್ಪಿಸಲಿಲ್ಲ. ನಾಚಿಕೆ ಯಾವಾಗಲೋ ಹೋಗಿತ್ತು, ಒಬ್ಬಳೇ ನಡೆದು ಬರುತ್ತಿದ್ದಳು. ತೊಗರಿ ರಾಶಿ ಮುಗಿದು ಹೊಲಗಳು ಬೋಳಾದ ಮೇಲೆ ಡಾಕ್ಟರು ಸೈ ಅಂದರು.

ಬೇಸಿಗೆಯಲ್ಲಿ ಆಪರೇಷನ್ ಆಯಿತು. ಹಿಂದಿನ ದಿನ ರೆಹಾನಾಳ ಗಂಡ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿದರು: "ಈಕಿಗೇನೂ ಆಗಂಗಿಲ್ಲಲ್ರಿ?" ಏನೂ ಆಗಲಿಲ್ಲ. ಅಕ್ಕನ ಕಿಡ್ನಿ ತಂಗಿಯ ದೇಹದಲ್ಲಿ ಹೊಂದಿಕೊಂಡಿತು. ಶಾಹೀನ್ ಮಾತ್ರೆಗಳ ಚೀಲ ಹಿಡಿದು ಇಂಡಿಗೆ ಮರಳಿದಳು. ಈಚೆಗೆ ಅವಳ ಮೈ ಸ್ವಲ್ಪ ತುಂಬಿಕೊಂಡಿದೆ. ಮನೆಯವರು ಈಗ ಅವಳಿಗೂ ವಾಕಿಂಗ್ ಉಪದೇಶ ಶುರುಮಾಡಿದ್ದಾರಂತೆ.

ಹೋದ ವಾರ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಸಲು ರೆಹಾನಾಳ ಅಂಗಡಿಗೆ ಹೋಗಿದ್ದೆ. ಹೊಲದ ಉತಾರದ ಝೆರಾಕ್ಸಿಗೆಂದು ಬಂದಿದ್ದ ಹೆಂಗಸೊಬ್ಬಳು ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರೀ ಆಪಾ, ಗುರುತ ಸಿಗದಂಗ ಇಳದೀರಿ! ಯಾವ ಪೌಡರ್ ಕುಡೀತೀರಿ?"

"ಪೌಡರ್ ಇಲ್ರಿ. ತಂಗಿಗೆ ಕಿಡ್ನಿ ಕೊಟ್ಟೇನಿ."

ಹೆಂಗಸು ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದಳು:

"ಒಂದ್ ಕಿಡ್ನಿ ತಗಸಿದ್ರ ಎಷ್ಟ್ ಕಿಲೋ ಇಳೀತೈತ್ರೀ?"